ಎಳ್ಳುಸ್ವಾಮಿಯ ಕಥೆ ಕೇಳಲು ಹುತ್ರಿದುರ್ಗಕ್ಕೆ

ಆ ಶುಕ್ರವಾರ ಉಪ್ಪಾರಹಳ್ಳಿಯ ಮನೆಯಲ್ಲಿ ಅಕ್ಕ ಚಪಾತಿ ಲಟ್ಟಿಸುತ್ತಾ ತಾನು ಗುರುವೆಂದು ನಂಬಿದವನ ಕಥೆ ಹೇಳುತ್ತಿದ್ದಳು. ಸಾವಿರ ವರ್ಷದ ಹಿಂದೆ ಬಂಗಾಳದ ಕಡೆ ಬಾಳಿದ ಬೌದ್ಧ ತಾಂತ್ರಿಕ ಅವನು. ಹೊಟ್ಟೆಪಾಡಿಗೆ ಎಳ್ಳು ಕುಟ್ಟುತ್ತಿದ್ದ. ಎಳ್ಳಿನೊಳಗೆ ಎಣ್ಣೆ ಇದ್ದೇ ಇದೆ, ಕುಟ್ಟದೆ ಕಾಣುವುದಿಲ್ಲ ಎಂಬುದು ಅವನ ಬೋಧೆ. ಅದನ್ನು ಬರೆದಿಡಬಾರದು, ಬಾಯಿಂದ ಕಿವಿಗೇ ದಾಟಿಸಬೇಕು ಎನ್ನುತ್ತಿದ್ದಳು. ಹುಡುಕಿಕೊಂಡು ಬಂದ ಪಂಡಿತನನ್ನು ಗುರು ಹನ್ನೆರಡು ವರ್ಷ ಸತಾಯಿಸಿ, ಕೊನೆಗೆ ಕಾಲಿನ ಕೆರದಿಂದ ಹಣೆಗೆ ಹೊಡೆದು ಎಚ್ಚರ ತಪ್ಪಿಸಿದ ಘಟ್ಟಕ್ಕೆ ಬಂದಿದ್ದಳು. ಶಿರಾ ಗೇಟಿನ ನನ್ನ ವಾಚ್ ಅಂಗಡಿ ತೆಗೆಯುವ ಹೊತ್ತಾಗಿತ್ತು. "ಮಿಕ್ಕಿದ್ದು ನಾಳೆ ಹೇಳಕ್ಕ" ಅಂದೆ. ಮಾರನೆಯ ಬೆಳಗ್ಗೆ ಅವಳು ಏಳಲಿಲ್ಲ.

ಅವಳ ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದ ಮೇಲೆ, ಒಂದು ಶನಿವಾರ, ಅವಳು ಪಾಠ ಮಾಡುತ್ತಿದ್ದ ಗುಬ್ಬಿಯ ಶಾಲೆಗೆ ಹೋದೆ. ಬಸ್ಸಿನಲ್ಲಿ ಇಪ್ಪತ್ತು ಕಿಲೋಮೀಟರ್. ಅವಳ ಬ್ಯಾಗು ಕೊಟ್ಟ ಟೀಚರೊಬ್ಬರು, ಅಕ್ಕ ಭಾನುವಾರಗಳಲ್ಲಿ ಕುಣಿಗಲ್ ಹತ್ತಿರದ ಹುತ್ರಿದುರ್ಗ ಬೆಟ್ಟದ ಗವಿಯಲ್ಲಿ ಹೆಂಗಸರಿಗೆ ಈ ಕಥೆ ಹೇಳುತ್ತಿದ್ದಳೆಂದರು. ಮಿಕ್ಕ ಕಥೆ ಅವರಿಗಾದರೂ ಗೊತ್ತಿರಬೇಕು ಅನ್ನಿಸಿತು.

ಮರುದಿನ ಕುಣಿಗಲ್ಲಿನಲ್ಲಿ ಇಳಿದು ಇಡ್ಲಿ ತಿಂದೆ. ಮೋಡ ಕವಿದಿತ್ತು. ಹೋಗಿಬರಲು ಆಟೋದವನು ಎಂಟುನೂರು ಕೇಳಿದ. "ಈ ಚಪ್ಪಲೀಲಿ ಬೆಟ್ಟ ಹತ್ತೀರಾ? ಮದ್ವೆಗೆ ಹೊರಟಂಗಿದೀರಿ" ಅಂದ.

ಮೆಟ್ಟಿಲು ಅರ್ಧ ಹತ್ತಿದ್ದೆ. ಮೇಲೆ ಅಕ್ಕ ಕಥೆ ಹೇಳುತ್ತಿದ್ದಳು. ದನಿ ಬೇರೆ, ಆದರೆ ಅವಳದೇ ಎಳೆತ, ಅವಳು ನಿಲ್ಲಿಸುವಲ್ಲೇ ನಿಲ್ಲುವುದು. "ಪಂಡಿತ ಬಂದ" ಎಂದಮೇಲೆ ಎರಡು ಸಣ್ಣ ಕೆಮ್ಮು. ಮಿಕ್ಕ ಮೆಟ್ಟಿಲನ್ನು ಬೇಗಬೇಗ ಹತ್ತಿದೆ.

ಬಂಡೆಯಡಿಯ ಗವಿಯಲ್ಲಿ ಐದು ಜನ ಹೆಂಗಸರು ಕೂತಿದ್ದರು. ಗೋಡೆಗೆ ವಿಭೂತಿ ಬಳಿದು, ಮುಂದೆ ಒಂದು ಹಿಡಿ ಎಳ್ಳು ಇಟ್ಟಿದ್ದರು. ಅವರ ಪಾಲಿಗೆ ಆ ಬೌದ್ಧ ಗುರು ಎಳ್ಳುಸ್ವಾಮಿ, ಶಿವನ ಕಡೆಯವನೇ. ಕಥೆ ಹೇಳುತ್ತಿದ್ದ ಮುದುಕಿ ನಿಂಗಮ್ಮ ನನ್ನನ್ನು ನೋಡಿ, ಟೀಚರಮ್ಮನ ತಮ್ಮನಲ್ಲವೇ, ಮೂಗು ಹಂಗೇ ಇದೆ ಅಂದಳು. ಕೆಮ್ಮಿದ್ದೇಕೆ ಎಂದು ಕೇಳಿದೆ.

"ಟೀಚರಮ್ಮ ಅಲ್ಲಿ ಹಂಗೇ ಕೆಮ್ಮೋರು. ಕೇಳಿದ್ರಲ್ಲಿ ಒಂದೂ ಬುಡಬಾರ್ದು ಅಂದವ್ರೆ."

ಅಕ್ಕನಿಗೆ ಚಳಿಗಾಲದಲ್ಲೆಲ್ಲ ಕೆಮ್ಮು ಇರುತ್ತಿತ್ತು. ನಾನದನ್ನು ಹೇಳಲಿಲ್ಲ. ಅವಳು ತೀರಿಕೊಂಡದ್ದನ್ನು ಹೇಳಿದೆ. ಯಾರೂ ಅಳಲಿಲ್ಲ. ಆಮೇಲೆ, ಪಂಡಿತನಿಗೆ ಏಟು ಬಿದ್ದ ಮುಂದಿನದನ್ನು ಹೇಳಿ ಎಂದು ಕೇಳಿಕೊಂಡೆ.

ನಿಂಗಮ್ಮ ನನ್ನನ್ನೇ ನೋಡಿದಳು. "ನಮ್ಗೂ ಕೆರದೇಟಿನ ತಂಕಾನೇ ಹೇಳಿರೋದು. ಮಿಕ್ಕಿದ್ದು ಮೊದ್ಲು ನನ್ ತಮ್ಮಂಗೆ, ಆಮೇಲೆ ನಿಮ್ಗೆ ಅಂದಿದ್ರು. ನಿಮ್ಗೆ ಹೇಳೇ ಹೋಗಿರ್ತಾರೆ. ಕೂತ್ಕಳಿ ಸ್ವಾಮಿ."

ಐವರೂ ಸೆರಗು ಸರಿಸಿ ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿದರು. ಯಾರ ಮುಖವೂ ಕಾಣಲಿಲ್ಲ. ಮಿಕ್ಕಿದ್ದು ನನಗೂ ಗೊತ್ತಿಲ್ಲವೆಂದು ಹೇಳಿ ಇಳಿಯತೊಡಗಿದಾಗ, ಅವರು ಕಥೆಯನ್ನು ಮತ್ತೆ ಮೊದಲಿಂದ ಶುರುಮಾಡಿದರು.

ಆಟೋ ಹತ್ತುವಾಗ ಮೇಲೆ ನೋಡಿದೆ. ಗವಿ ಕಾಣಲಿಲ್ಲ. ಏಟು ತಿಂದ ಪಂಡಿತನಿಗೆ ಎಚ್ಚರವಾದಾಗ ಏನು ತಿಳಿಯಿತೆಂದು ಅಕ್ಕ ಹೇಳಲಿದ್ದಳೋ, ಅದು ನಮ್ಮ ಆರು ಜನರಲ್ಲಿ ಯಾರ ಬಳಿಯೂ ಇಲ್ಲ.