ವರ್ಣತಂತುವಿನ ಜಾತಕ

ಮಾಗಿದ ರಸಬಾಳೆಯನ್ನು ಮೇಜಿನ ಮೇಲಿಟ್ಟು ಅರ್ಧ ಗಳಿಗೆ ಕಳೆಯುವುದರೊಳಗೆ ಎಲ್ಲಿಂದಲೋ ಪ್ರತ್ಯಕ್ಷವಾಗುವ ಹಣ್ಣಿನ ನೊಣಗಳನ್ನು ನೀವು ಕೈಬೀಸಿ ಓಡಿಸುತ್ತೀರಿ. ನಾನಾದರೋ ಅವನ್ನು ಸೀಸೆಯಲ್ಲಿ ಸಾಕಿ, ವಂಶದ ಗುಣಗಳನ್ನು ಹೊತ್ತ ಅವುಗಳ ವರ್ಣತಂತುಗಳನ್ನು ಎಣಿಸುತ್ತಲೇ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ನಿವೃತ್ತನಾದೆ. ಅರಮನೆಗೆ ಪಂಚಾಂಗ ಬರೆಯುತ್ತಿದ್ದ ಅಜ್ಜ ಗ್ರಹಗಳನ್ನು ಎಣಿಸಿದರು, ಮೊಮ್ಮಗ ನೊಣದೊಳಗಿನ ಎಳೆಗಳನ್ನು. ಎಣಿಕೆಯಂತೂ ಮನೆತನ ಬಿಟ್ಟು ಹೋಗಲಿಲ್ಲ.

ಕಳೆದ ವರ್ಷ ಮಗಳು ವಾಣಿ, ಮಂಡಿ ಮೊಹಲ್ಲಾದ ಕ್ರೈಸ್ತರ ಹುಡುಗ ವಿನ್ಸೆಂಟನನ್ನು ಮದುವೆಯಾಗಲು ನನ್ನ ಒಪ್ಪಿಗೆ ಕೇಳಿದಳು. ‘ನೋಡೋಣ’ ಎಂದೆ. ವೈಚಾರಿಕನೆಂದು ಹೆಸರಾದವನಿಗೆ ‘ಬೇಡ’ ಎನ್ನುವ ಧೈರ್ಯವಿರುವುದಿಲ್ಲ. ನಮ್ಮಂಥವರಿಗಾಗಿಯೇ ಕನ್ನಡ ‘ನೋಡೋಣ’ ಎಂಬ ಪದವನ್ನು ಕಾಪಾಡಿಕೊಂಡು ಬಂದಿದೆ.

ಆರು ತಿಂಗಳು ನೋಡಿದ ಮೇಲೆ, ಕುಂಬಾರಕೊಪ್ಪಲಿನ ನಮ್ಮ ಮನೆಗೆ ಅಕ್ಕ ಬಂದಳು. ಹುಡುಗನಿಗೆ ಜಾತಕವೇ ಇಲ್ಲ, ಗಂಡುಹೆಣ್ಣಿನ ವರ್ಣ ಕೂಡುತ್ತದೆಯೇ ಎಂದು ವರ್ಣಕೂಟ ನೋಡುವುದು ಹೇಗೆಂಬುದು ಅವಳ ಚಿಂತೆ. ವಾಣಿ ಎದುರಿಗೇ ಇದ್ದುದರಿಂದ ನಾನು ಉತ್ತರ ಕೊಡುವ ಬದಲು ಪಾಠ ಮಾಡಿದೆ. ನೋಡಲು ಅವಳಿಜವಳಿಯಂತಿರುವ ಎರಡು ನೊಣಗಳಲ್ಲಿ ಒಂದಕ್ಕೆ ಎಂಟು ವರ್ಣತಂತು, ಇನ್ನೊಂದಕ್ಕೆ ಆರು. ಯಾವ ಕಾಲದಲ್ಲೋ ತಂತುಗಳು ಬೆಸೆದುಕೊಂಡದ್ದರ ಫಲ. ಹೀಗೆ ಬೆಸೆದ, ತುಂಡಾದ, ತಲೆಕೆಳಗಾದ ತಂತುಗಳು ಹಳೆಯವುಗಳೊಡನೆ ಸರಿಯಾಗಿ ಜೋಡಿಯಾಗದಿದ್ದರೆ ಬೆರಕೆ ಸಂತಾನ ಬಂಜೆಯಾಗಬಹುದು. ಎರಡು ಗುಂಪುಗಳು ತಲೆಮಾರುಗಳುದ್ದಕ್ಕೂ ದೂರ ಸರಿದು ಬೇರೆಬೇರೆ ಪ್ರಭೇದಗಳೇ ಆಗಬಹುದು. ಕುದುರೆಗೆ ಅರವತ್ತನಾಲ್ಕು, ಕತ್ತೆಗೆ ಅರವತ್ತೆರಡು, ನಡುವೆ ಸಿಕ್ಕಿದ ಹೇಸರಗತ್ತೆಗೆ ಸಂತಾನಯೋಗವಿಲ್ಲ.

“ನೋಡಿದ್ಯೇನೇ ವಾಣಿ, ವರ್ಣ ಕೂಡಲ್ಲ ಅಂತ ನಿಮ್ಮಪ್ಪನ ಸೈನ್ಸೇ ಹೇಳ್ತು ಕಣೇ!” ಎಂದಳು ಅಕ್ಕ.

ವರ್ಣತಂತುವಿನ ವರ್ಣ ಜಾತಿಯದಲ್ಲ, ಬರಿಯ ಬಣ್ಣ. ಸೂಕ್ಷ್ಮದರ್ಶಕದಲ್ಲಿ ಕಾಣಲೆಂದು ನಾವೇ ಹಚ್ಚುವ ಬಣ್ಣ. ಇದನ್ನು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟ ನಾನು ಅಕ್ಕನನ್ನು ತಿದ್ದಬೇಕಾಗಿತ್ತು. ತಿದ್ದಲಿಲ್ಲ. ಅವಳ ತಪ್ಪು ನನಗೆ ಅನುಕೂಲವಾಗಿತ್ತು.

“ಅಪ್ಪಾ, ವಿನ್ಸೆಂಟ್‌ಗೆ ಎಷ್ಟಿರತ್ತೆ?” ಎಂದಳು ವಾಣಿ.

“ನಲವತ್ತಾರು.”

“ನನಗೆ?”

“ನಲವತ್ತಾರು.”

“ಮತ್ತೆ ಆರು ತಿಂಗಳಿಂದ ನೀವು ಎಣಿಸ್ತಾ ಇರೋದು ಏನನ್ನ?”

ನನಗೆ ನಾಚಿಕೆಯಾಯಿತು. ಆ ಭಾನುವಾರ ಒಂದು ಚಿಪ್ಪು ರಸಬಾಳೆ ಹಿಡಿದು ಮಂಡಿ ಮೊಹಲ್ಲಾಕ್ಕೆ ಹೋದೆ. ವಿನ್ಸೆಂಟನ ತಾಯಿ ಹಣ್ಣನ್ನು ತಟ್ಟೆಯಲ್ಲಿಟ್ಟು ಕಾಫಿ ತರುವಷ್ಟರಲ್ಲಿ ನೊಣಗಳು ಹಾಜರು. ಎಂಟರವೋ ಆರರವೋ, ಎಣಿಸುವ ಗೋಜಿಗೆ ಹೋಗದೆ ಕೈ ಬೀಸಿದೆ.

“ಇವೂ ನಿಮ್ಮ ಜೊತೇಲೇ ಬಂದ್ವಾ, ಬೀಗ್ರೇ?” ಎಂದು ಆಕೆ ನಕ್ಕರು.

ನೊಣಕ್ಕೂ ಸಂಬಂಧಕ್ಕೂ ಸೇರಿಸಿ, “ಹೌದಮ್ಮ” ಎಂದೆ.