ಏಳನೇ ತಿಂಗಳ ಹದಿನಾರನೆಯ ದಿನ

ನನ್ನ ಕೆಲಸ ಕಾಗದ ಕಾಯುವುದು. ಕುವೈತಿನ ಅಬು ಹಲೀಫಾದ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಆಫೀಸು, ಎಣ್ಣೆ ಕೆಲಸದ ಗುತ್ತಿಗೆ ಕಂಪನಿಯದು. ಅಲ್ಲಿಗೆ ಬರುವ ಪ್ರತಿ ನಕ್ಷೆಗೂ ನಂಬರು ಕೊಟ್ಟು, ರಿಜಿಸ್ಟರಿಗೆ ಏರಿಸಿ, ಉತ್ತರ ಬಂದ ಮೇಲೆ ಮುಂದಿನ ಕಾಲಮ್ಮಿನಲ್ಲಿ ‘ಕ್ಲೋಸ್ಡ್’ ಎಂದು ಬರೆಯುತ್ತೇನೆ. ನಕ್ಷೆ ಏನು ಹೇಳುತ್ತದೆ ಎಂಬುದು ನನಗೆ ಇಂದಿಗೂ ತಿಳಿಯದು.

ಪಕ್ಕದ ಮೇಜಿನಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಒಬ್ಬರು ಕೂರುತ್ತಾರೆ. ಮಲೇಷ್ಯಾದ ಚೀನೀಯರು, ನಿವೃತ್ತಿಗೆ ಹತ್ತಿರ. ಆಫೀಸಿಗೆಲ್ಲ ಅವರು ಭಾಯಿ. ನನ್ನನ್ನು ಸಿಸ್ಟರ್ ಅನ್ನುತ್ತಾರೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಅವರಿಗೆ ಚೀನೀ ಆಡಲು ಬರುತ್ತದೆ, ಓದಲು ಬರುವುದಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ಅವರ ಕಂಪ್ಯೂಟರಿನಲ್ಲಿ ಹಳದಿ ಬಣ್ಣದ ಹಳೇ ಪತ್ರಿಕೆ ಕಂಡಿತು. ಅಕ್ಷರಗಳು ಮೇಲಿನಿಂದ ಕೆಳಕ್ಕೆ ಇಳಿದಿದ್ದವು. ಅವರ ದೇಶದ ಕಡೆಯ ಗ್ರಂಥಾಲಯವೊಂದು ಎಂದೋ ನಿಂತುಹೋದ ಚೀನೀ ದಿನಪತ್ರಿಕೆಯನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿನಲ್ಲಿ ಇಟ್ಟಿತ್ತು. ಭಾಯಿ ಅದರಲ್ಲಿ ಹುಡುಕುತ್ತಿದ್ದುದು ತಾಯಿಗಾಗಿ.

ತಾಯಿ ನಾಲ್ಕು ವರ್ಷದವಳಿದ್ದಾಗ ಬಂದರಿನಲ್ಲಿ ಒಬ್ಬಳೇ ಅಳುತ್ತ ನಿಂತಿದ್ದಳಂತೆ. ಬಟ್ಟೆ ಒಗೆಯುವ ಹೆಂಗಸೊಬ್ಬಳು ಮನೆಗೆ ಕರೆದೊಯ್ದು ಸಾಕಿದಳು. ಕೇರಿಯವರು ಮಾತ್ರ ಮಗುವಿನ ಮುಖಕ್ಕೇ ಹೇಳುತ್ತಿದ್ದರು: ಹೆಣ್ಣು ಕೂಸು, ಕಳೆದದ್ದಲ್ಲ, ಬಿಟ್ಟುಹೋದದ್ದು. ಈಗ ಆ ತಾಯಿ ಎಂಬತ್ತು ದಾಟಿದ್ದಾರೆ. ಸಾಯುವ ಮೊದಲು ಅವರಿಗೆ ಒಂದೇ ಸಂಗತಿ ತಿಳಿಯಬೇಕಿತ್ತು. ಕಳೆದುಹೋದೆನೋ, ಬಿಟ್ಟುಹೋದರೋ? ಕಳೆದಿದ್ದರೆ ಯಾರಾದರೂ ಪತ್ರಿಕೆಗೆ ಹಾಕಿಸಿರಬೇಕಲ್ಲ.

ಅಕ್ಷರ ಮಸುಕಾಗಿದ್ದರಿಂದ ಪದ ಕೊಟ್ಟು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಪುಟ ತಿರುಗಿಸಿಯೇ ನೋಡಬೇಕು. ‘ಹೆಣ್ಣುಮಗು ಕಳೆದಿದೆ’ ಎಂಬರ್ಥದ ಅಕ್ಷರಗಳನ್ನು ತಾಯಿ ಬರೆದು ಕಳಿಸಿದ್ದರು. ಆ ಚೀಟಿಯನ್ನು ಭಾಯಿ ಪರದೆಯ ಅಂಚಿಗೆ ಅಂಟಿಸಿಕೊಂಡಿದ್ದರು. ತಿಳಿಯದ ಗುರುತು ಹೋಲಿಸುವುದು ನನ್ನ ಹೊಟ್ಟೆಪಾಡು, ನಾನೂ ಜೊತೆಗೆ ಕೂತೆ. ಮಗು ಸಿಕ್ಕಿದ್ದು ಏಳನೇ ತಿಂಗಳ ಹದಿನಾರಕ್ಕೆ ಎಂದು ಸಾಕಿದವಳು ಹೇಳಿದ್ದಳು, ವರ್ಷ ಖಚಿತವಿಲ್ಲ. ನಾನೇ ರಿಜಿಸ್ಟರ್ ಮಾಡಿದೆ: ಮೂರು ವರ್ಷಗಳ ಜುಲೈ ಹದಿನಾರರಿಂದ ತಿಂಗಳ ಕೊನೆಯವರೆಗೆ.

ಮನೆಯಲ್ಲಿ ಹೇಳಿದರೆ ನಮ್ಮವರು ನಕ್ಕರು. “ನಿನ್ನ ರಿಜಿಸ್ಟರ್ ಹುಚ್ಚು ಈಗ ಚೀನಾ ಭಾಷಾಕ್ಕೂ ಹತ್ತೇತಿ ನೋಡು.”

ಮೂರು ಜುಲೈ ಮುಗಿದವು. ಏನೂ ಇಲ್ಲ. ಭಾಯಿ ಚೀಟಿ ಕಿತ್ತು ಡ್ರಾಯರಿಗೆ ಹಾಕಿ, “ಖಲಾಸ್” ಎಂದರು. ತಾಯಿಗೆ ಇನ್ನೂ ಹೇಳಿರಲಿಲ್ಲ.

ಅದಾಗಿ ಕೆಲವು ವಾರಕ್ಕೆ ನಾನು ಮಾವನ ಶ್ರಾದ್ಧಕ್ಕೆ ರಜೆಯ ಫಾರ್ಮ್ ತುಂಬುತ್ತಿದ್ದೆ. ಕುವೈತಿನಲ್ಲಿ ನಾವು ಹಬ್ಬಗಳನ್ನೆಲ್ಲ ಶುಕ್ರವಾರಕ್ಕೆ ತಳ್ಳುತ್ತೇವೆ, ಶ್ರಾದ್ಧವನ್ನು ಮಾತ್ರ ತಳ್ಳುವುದಿಲ್ಲ. ಭಾಯಿ ಬಗ್ಗಿ ನೋಡಿದರು.

“ಹೋದ ವರ್ಷ ಇದೇ ರಜೆ ಬೇರೆ ತಾರೀಖಿಗೆ ತಗೊಂಡಿದ್ರಿ. ನಿಮ್ಮ ಮಾವ ಎಷ್ಟು ಸಲ ಸಾಯ್ತಾರೆ, ಸಿಸ್ಟರ್?”

ನನಗೆ ಮೈ ಉರಿಯಿತು. “ನಮ್ಮದು ತಾರೀಖಲ್ಲ, ತಿಥಿ. ಚಂದ್ರನ ಲೆಕ್ಕ. ವರ್ಷಾ ವರ್ಷಾ ಸರಿಯುತ್ತೆ. ಅಷ್ಟೂ ಗೊತ್ತಿಲ್ವಾ? ನಿಮ್ಮ ಹೊಸ ವರ್ಷ...”

ಮಾತು ಅಲ್ಲಿಗೇ ನಿಂತಿತು: ಅದೂ ಚಂದ್ರನ ಲೆಕ್ಕವೇ. ಅವರ ಕೈ ಡ್ರಾಯರಿನ ಚೀಟಿಗೆ ಹೋಯಿತು. ಬಟ್ಟೆ ಒಗೆಯುವ ಆ ಹೆಂಗಸು ಎಲ್ಲಿಯ ಜುಲೈ ಕಂಡಿದ್ದಳು!

“ವೆಬ್‌ಸೈಟು ತಿಂಗಳು ಕೇಳ್ತು, ಏಳು ಒತ್ತಿದೆ,” ಎಂದರು ಭಾಯಿ. ಅವರನ್ನು ಬೈದು ಏನು ಬಂತು? ಅಡುಗೆಮನೆಯಲ್ಲಿ ಪಂಚಾಂಗ ನೇತುಹಾಕಿಕೊಂಡವಳು ನಾನು. ನನಗೇ ಹೊಳೆದಿರಲಿಲ್ಲವಲ್ಲ, ಥೂ!

ಹಳೇ ವರ್ಷಗಳ ಅಮಾವಾಸ್ಯೆ, ಹುಣ್ಣಿಮೆ ಫೋನಿನಲ್ಲೇ ಸಿಕ್ಕವು. ಅವರ ಏಳನೇ ತಿಂಗಳೆಂದರೆ ಹೆಚ್ಚುಕಡಿಮೆ ನಮ್ಮ ಶ್ರಾವಣ. ಹದಿನಾರು ಎಂದರೆ ಹುಣ್ಣಿಮೆಯ ಮರುದಿನ. ಹೊಸ ರಿಜಿಸ್ಟರ್ ಮಾಡಿದೆ. ಮೂರನೆಯ ವರ್ಷದಲ್ಲಿ, ಆ ದಿನದಿಂದ ಮೂರನೆಯ ಸಂಚಿಕೆಯಲ್ಲಿ, ಚೀಟಿಯ ಅಕ್ಷರಗಳು ಸಿಕ್ಕವು. ಜಾಹೀರಾತಿನ ಮೂಲೆಯಲ್ಲಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ.

ಮಲೇಷ್ಯಾದಲ್ಲಿ ಆಗಲೇ ಸಂಜೆ. ಭಾಯಿ ತಾಯಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಪರದೆಗೆ ಹಿಡಿದರು. ಮುದುಕಿ ಕನ್ನಡಕ ಏರಿಸಿ ಓದತೊಡಗಿದರು. ಭಾಯಿ ನನಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು: ನಾಲ್ಕು ವರ್ಷದ ಹೆಣ್ಣುಮಗು. ಬಂದರಿನಲ್ಲಿ ಕೈತಪ್ಪಿದ್ದಾಳೆ. ಬಲಗಿವಿಯ ಹಿಂದೆ ಮಚ್ಚೆ. ಹೆದರಿದರೆ ಬಿಕ್ಕಳಿಕೆ ಬರುತ್ತದೆ, ದಯವಿಟ್ಟು ನೀರು ಕೊಡಿ.

ತಾಯಿ ಕೈಯನ್ನು ಕಿವಿಯ ಹಿಂದಕ್ಕೆ ಒಯ್ದರು. ನನಗೆ ಅಳು ತಡೆಯಲಾಗಲಿಲ್ಲ. ಮಧ್ಯಾಹ್ನ, ಆಫೀಸು, ಎಲ್ಲರೂ ನೋಡುತ್ತಿದ್ದರು. ನೋಡಲಿ.

“ಹಾಕಿಸೋದು ಯಾವಾಗ ನಿಲ್ಲಿಸಿದ್ರು ಅಂತ ಕೇಳ್ತಿದ್ದಾರೆ,” ಎಂದರು ಭಾಯಿ.

ಮರುದಿನದ ಸಂಚಿಕೆ ತೆರೆದೆವು, ಅದರಲ್ಲೂ ಇತ್ತು. ಅದರ ಮರುದಿನವೂ ಇತ್ತು. ಒಂದೊಂದನ್ನೂ ರಿಜಿಸ್ಟರಿಗೆ ಏರಿಸಿದೆ. ಬರಬರುತ್ತ ಜಾಹೀರಾತು ಚಿಕ್ಕದಾಯಿತು, ಮಚ್ಚೆಯ ಸಾಲು ಬಿಟ್ಟುಹೋಯಿತು, ನೀರಿನ ಸಾಲು ಉಳಿಯಿತು. ಮುಂದಿನ ತಿಂಗಳಲ್ಲೂ ಇತ್ತು. ಆಮೇಲೆ ಒಂದು ಕಡೆ ಪುಟ ತೆರೆಯಲಿಲ್ಲ. ಮುಂದಿನ ಸಂಚಿಕೆಗಳು ತಮ್ಮಲ್ಲಿ ಇಲ್ಲವೆಂದು ಗ್ರಂಥಾಲಯ ಬರೆದಿತ್ತು. ಇದ್ದ ಕೊನೆಯ ಸಂಚಿಕೆಯಲ್ಲೂ ಆ ಜಾಹೀರಾತು ಇತ್ತು.

ಭಾಯಿ ತಾಯಿಗೆ ಅದನ್ನೇ ಹೇಳಿದರು. ಅವರು ಕನ್ನಡಕ ತೆಗೆದು ಏನೋ ಅಂದರು.

“ಏನಂತೆ?” ಎಂದೆ.

“ನೀರು ಕುಡಿದು ಬರ್ತೀನಿ ಅಂದ್ರು.”

ಊಟದ ಸಮಯ ಮುಗಿದಿತ್ತು. ರಿಜಿಸ್ಟರಿನ ಕೊನೆಯ ಸಾಲಿನ ಮುಂದೆ ನಾನು ‘ಕ್ಲೋಸ್ಡ್’ ಎಂದು ಬರೆಯಲಿಲ್ಲ.