ಟಿಕೋಟಾ ಶಾಂತಪ್ಪನ ಕೊರಳಗಂಟು

ಅಲುಗಾಡಬೇಡಿ, ಉಗುಳು ನುಂಗಬೇಡಿ, ಮುಖ್ಯವಾಗಿ ಮಾತಾಡಬೇಡಿ ಎಂದು ಡಾಕ್ಟರ್ ಯಶೋಧರಾ ಹೇಳಿ ಮುಗಿಸುವಷ್ಟರಲ್ಲಿ, ಸ್ಕ್ಯಾನಿಂಗ್ ಕೋಣೆಯ ಹೊರಗೆ ಯಾವಳೋ ಮುದುಕಿ ಕೇಳಿದಳು: "ಯಪ್ಪಾ, ಟಿಕೋಟಾ ಗಾಡಿ ಎಲ್ಲಿ ನಿಂದರತಾವೋ?"

ಮಂಚದ ಮೇಲೆ ಕುತ್ತಿಗೆ ಹಿಂದಕ್ಕೆ ಚೆಲ್ಲಿ ಮಲಗಿದ್ದ ಶಾಂತಪ್ಪನಿಗೆ ತಾನು ಎದ್ದದ್ದೇ ತಿಳಿಯಲಿಲ್ಲ. ಕೊರಳಿಗೆ ಬಳಿದ ತಣ್ಣನೆಯ ಜೆಲ್ ಅಂಗಿಯೊಳಗೆ ಇಳಿಯುತ್ತಿದ್ದಂತೆಯೇ ಬಾಗಿಲು ತೆರೆದು, ಬಲಗೈ ಎತ್ತಿ, "ಟೀಕೋಟಾ, ಟೀಕೋಟಾ, ಟೀಕೋಟಾ! ಬರ್ರಿ, ಹತ್ರಿ, ಜಾಗಾ ಐತಿ!" ಎಂದು ಕೂಗಿಬಿಟ್ಟ. ರಕ್ತ ಪರೀಕ್ಷೆಗೆ ಕೂತಿದ್ದ ಇಬ್ಬರು ಚೀಲ ಹಿಡಿದು ಎದ್ದೇ ನಿಂತರು.

"ನಡೀರಿ ಒಳಗ!" ಎಂದಳು ಹೆಂಡತಿ ಕಾಶಿಬಾಯಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು. "ಕೊಳ್ಳಾಗಿನ ಗಂಟು ತೋರಸಾಕ ಬಂದು ಮಂದಿ ಗಂಟು ಹೊರಸಾಕತ್ತೀರಿ!"

ಹೆಸರಿಗೂ ಅವನಿಗೂ ಎಂದೂ ಹೊಂದಲಿಲ್ಲ. ಶಾಂತಪ್ಪನಷ್ಟು ಗದ್ದಲದ ಮನುಷ್ಯ ವಿಜಯಪುರದಲ್ಲಿ ಇನ್ನೊಬ್ಬನಿರಲಿಲ್ಲ. ಭೂತನಾಳದಲ್ಲಿ ಹುಟ್ಟಿ, ಸಿದ್ಧೇಶ್ವರ ಗುಡಿಯ ಹಿಂದೆ ಸಂಸಾರ ಹೂಡಿದವನಿಗೆ ಮೀಸೆ ಮೂಡಿದಾಗಿನಿಂದ ಒಂದೇ ಕೆಲಸ: ಬಾಡಿಗೆ ಜೀಪುಗಳಿಗೆ ಕೂಗಿ ಮಂದಿ ತುಂಬುವುದು. ತುಂಬಿದ ಗಾಡಿಯ ಬೆನ್ನು ತಟ್ಟಿ ಕಳಿಸಿ, ಸರದಿಯ ಮುಂದಿನ ಗಾಡಿಗೆ ಮತ್ತೆ ಕೂಗುವುದು. ಬಬಲೇಶ್ವರದ ಗಾಡಿಗೂ ಅವನೇ ಕೂಗುತ್ತಿದ್ದನಾದರೂ ಊರಿಗೆಲ್ಲ ಅವನು ಟಿಕೋಟಾ ಶಾಂತಪ್ಪ. ಬಬಲೇಶ್ವರ ಬಾಯಿ ತುಂಬುವ ಹೆಸರು, ಎಳೆಯಲು ಬಾರದು. 'ಟೀ' ಮಾತ್ರ ಎಳೆದಷ್ಟೂ ಬರುತ್ತಿತ್ತು.

ಜೀಪೆಂದರೆ ಆಗಿನವು. ಒಳಗೆ ಮೊಣಕಾಲಿಗೆ ಮೊಣಕಾಲು ಸಿಕ್ಕಿಸಿಕೊಂಡ ಮಂದಿ, ಹಿಂದೆ ಜೋತಾಡುವವರು, ಟಾಪಿನ ಮೇಲೆ ಖಾಲಿ ದ್ರಾಕ್ಷಿ ಬುಟ್ಟಿ, ಬುಟ್ಟಿಯ ಮೇಲೆ ಬುಟ್ಟಿಯ ಒಡೆಯ! ಸಂತೆಯ ಸಂಜೆ ಅವನ ಕೂಗಿಗೆ ಎದುರಿನ ಹೋಟೆಲಿನ ಚಹಾ ಅರ್ಧಕ್ಕೇ ಉಳಿಯುತ್ತಿತ್ತು. ಬಸ್ಸು ಹೆಂಗಸರಿಗೆ ಬಿಟ್ಟಿಯಾದ ಮೇಲೆ ಗಾಡಿಗಳು ಸೊರಗಿದವು. ಆದರೂ ಶಾಂತಪ್ಪ ನಿಂತ ಜಾಗ ಬಿಡಲಿಲ್ಲ. ಕೂಗು ಹೋದರೆ ತನ್ನದೆನ್ನುವುದು ಏನು ಉಳಿಯಿತು?

ಆ ಕೂಗೇ ಹೋಗುವ ಭಯ ಈಗ ನಿಜವಾಗಿತ್ತು. ಕೊರಳಿನಲ್ಲಿ ಗಂಟು ಕಂಡ ದಿನವೇ ಡ್ರೈವರ್ ಇಮ್ರಾನ ಧೈರ್ಯ ಹೇಳಿದ್ದ: "ನಮ್ಮ ಮಾಮೂಗೂ ಹಿಂಗ ಆಗಿತ್ತು ಕಾಕಾ. ಆಪರೇಷನ್ ಮಾಡಿದ್ರು. ಏನೂ ಆಗಿಲ್ಲ, ಬರೇ ದನಿ ಬೆಕ್ಕಿನ ಮರಿಯಂಗ ಆಗೇತಿ."

ಕಾಶಿಬಾಯಿ ಒಳಗೆ ಎಳೆತಂದು ಮತ್ತೆ ಮಲಗಿಸಿದವನ ಕೊರಳಿಗೆ ಯಶೋಧರಾ ನಗು ನುಂಗಿ, ಹೊಸದಾಗಿ ಜೆಲ್ ಬಳಿದಳು. "ಗಂಟು ಐತಿ ಅನ್ನೋದು ಮೊದಲಿನ ಸ್ಕ್ಯಾನಿನ್ಯಾಗ ಗೊತ್ತಾಗೇತಿ ಕಾಕಾ. ಅದು ಮೆತ್ತಗೈತೋ ಗಟ್ಟಿ ಐತೋ, ಈಗ ನೋಡೂದು ಅಷ್ಟ. ಈ ಮಷೀನಿನ್ಯಾಗ ಮೆತ್ತಗಿದ್ರ ಹಸರ ಕಾಣ್ತೈತಿ, ಗಟ್ಟಿ ಇದ್ರ ನೀಲಿ. ನೀಲಿ ಬಂದ್ರ ಸೂಜಿ ಹಾಕಿ ನೋಡಬೇಕಾಗ್ತೈತಿ."

ಶಾಂತಪ್ಪನಿಗೆ ತಟ್ಟನೆ ಅರ್ಥವಾಯಿತು. ಗಾಡಿ ಹತ್ತುವವರ ಗಂಟನ್ನು ಅವನೂ ಒತ್ತಿಯೇ ನೋಡುತ್ತಿದ್ದ. ಬಟ್ಟೆಯದಾದರೆ ಕುಗ್ಗಿ ಸೀಟಿನ ಕೆಳಗೆ ಹೋಗುತ್ತದೆ, ಪಾತ್ರೆಯದಾದರೆ ಟಾಪಿಗೆ. ದೇವರೇ, ಬಟ್ಟೆಯದೇ ಇರಲಿ ಎಂದುಕೊಂಡು ಉಸಿರು ಬಿಗಿಹಿಡಿದ. ಹೊರಗೆ ಸ್ಟೇಷನ್ ರಸ್ತೆಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯಿತು. ಅವನು ಕಣ್ಣು ಸಹ ಮಿಟುಕಿಸಲಿಲ್ಲ.

"ಹಸರ ಬಂತು ನೋಡ್ರಿ," ಎಂದಳು ಯಶೋಧರಾ. "ಮೊದಲಿನ ಸ್ಕ್ಯಾನಿನ್ಯಾಗೂ ಕೆಟ್ಟದ್ದೇನೂ ಕಂಡಿಲ್ಲ. ಸೂಜಿ ಬ್ಯಾಡ, ಆಪರೇಷನ್ನೂ ಬ್ಯಾಡ. ವರ್ಷಾ ಬಿಟ್ಟು ಮತ್ತ ತೋರಸ್ರಿ."

"ಕೂಗಬೌದ್ರಿ?"

"ಇಲ್ಲಿ ಬ್ಯಾಡ್ರಿ!"

ಕಾಶಿಬಾಯಿ ಕಣ್ಣೊರೆಸಿಕೊಂಡಳು. ಯಶೋಧರಾ ಕೂಡಲೇ ಮುಂದಿನ ರೋಗಿಯನ್ನು ಕರೆಯಲಿಲ್ಲ.

"ನಾ ಟಿಕೋಟಾದಾಕಿ ಕಾಕಾ. ಇಲ್ಲಿ ಕಾಲೇಜು ಕಲೀವಾಗ ದಿನಾ ಸಂಜಿಗೆ ನಿಮ್ಮ ದನಿ ಕೇಳಿದ್ರ, ನಮ್ಮವ್ವ ಒಲಿ ಮುಂದ ಕುಂತು ರೊಟ್ಟಿ ಬಡ್ಯೂ ಸಪ್ಪಳಾನ ಕೇಳಿದಂಗ ಆಗತಿತ್ತು. ಇಷ್ಟು ಪ್ರೀತಿಲೆ ಕೂಗ್ತಾರಲ್ಲ, ಇವರಿಗೆ ನಮ್ಮೂರಂದ್ರ ಎಷ್ಟು ಜೀವ ಇರಬೇಕು ಅಂತಿದ್ದೆ." ಆಕೆಯ ದನಿ ಮೆತ್ತಗಾಯಿತು. "ನಮ್ಮ ಟಿಕೋಟಾದಾಗ ನಿಮಗ ಬಾಳ ಸೇರಿದ ಜಾಗಾ ಯಾವುದ್ರಿ?"

ಶಾಂತಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದ:

"ಯಾರಿಗ್ಗೊತ್ತ್ರಿ ಬಾಯಾರ. ಮಂದಿನ ಹತ್ತಿಸಿ ಕಳಸಾಂವ ನಾ. ಟಿಕೋಟಾಕ ಇನ್ನೂ ಹೋಗಿಲ್ಲ."